ಸಾಕು ಅನ್ನುವವರೆಗೆ

ನನ್ನ ಕೆಲಸದಲ್ಲಿ ಮಾತಾಡುವ ಹಾಗಿಲ್ಲ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನ್ನಂಥವಳಿಗೆ ಯಾರೋ ಬೇಕಂತಲೇ ಕೊಟ್ಟ ಶಿಕ್ಷೆ ಇದು. ಮೂವತ್ತು ವರ್ಷ ಫಿಸಿಯೋಥೆರಪಿ ಮಾಡಿ, ಕಂಡಕಂಡವರ ಸೊಂಟ, ಮಂಡಿ, ಕುತ್ತಿಗೆ ಎಲ್ಲ ಒತ್ತಿ ಒತ್ತಿ ನನ್ನ ಹೆಬ್ಬೆರಳುಗಳೇ ಸವೆದು ಹೋದ ಮೇಲೆ ನನ್ನನ್ನು ಸಂಶೋಧನಾ ವಿಭಾಗಕ್ಕೆ ಹಾಕಿದರು. "ಕೈ ಹೋದ್ರೇನು, ಕಣ್ಣು ಚೆನ್ನಾಗಿದೆಯಲ್ಲ, ಅಳೆಯೋ ಕೆಲಸ ಮಾಡಿ" ಅಂದರು ದೊಡ್ಡ ಮೇಡಂ. ದೊಡ್ಡ ಮೇಡಂ ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಅಧ್ಯಯನ ಅವರದ್ದು, ಅದಕ್ಕೇ ದೊಡ್ಡವರು.

ಅಧ್ಯಯನ ಹೆಗಲಿನದು. ಕೆಲವರಿಗೆ ಐವತ್ತು ದಾಟಿದ ಮೇಲೆ ಕಾರಣವೇ ಇಲ್ಲದೆ ಹೆಗಲು ಬಿಗಿದುಕೊಂಡುಬಿಡುತ್ತದೆ. ತಲೆ ಬಾಚಲಾಗದು, ಬೆನ್ನು ಕೆರೆದುಕೊಳ್ಳಲಾಗದು, ಅಂಗಿಯ ತೋಳಿಗೆ ಕೈ ತೂರಿಸುವುದರೊಳಗೆ ಸಾಕೋ ಸಾಕು. ಅಂಥವರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿನವರಿಗೆ ವಾರಕ್ಕೆ ಮೂರು ದಿನ ಥೆರಪಿಸ್ಟು ತೋಳು ಹಿಡಿದು, ನೋವಾದರೂ ಬಿಡದೆ ಎಳೆದು ಸಡಿಲ ಮಾಡುತ್ತಾರೆ. ಇನ್ನೊಂದು ಗುಂಪಿನವರ ಕೈಗೆ ಎರಡು ಪುಟದ ಸೂಚನೆ ಕೊಟ್ಟು, ನೋವಾಗದಷ್ಟು ನೀವೇ ಆಡಿಸಿಕೊಳ್ಳಿ, ನಿಧಾನಕ್ಕೆ ತಾನಾಗಿಯೇ ಬಿಡುತ್ತೆ ಅಂತ ಮನೆಗೆ ಕಳಿಸುತ್ತಾರೆ. ಆರು ತಿಂಗಳಾದ ಮೇಲೆ ಯಾರ ತೋಳು ಎಷ್ಟು ತಿರುಗುತ್ತದೆ ಅಂತ ನೋಡುವುದು. ಯಾರು ಯಾವ ಗುಂಪು ಅನ್ನುವುದು ಅಳೆಯುವವಳಿಗೆ, ಅಂದರೆ ನನಗೆ, ಗೊತ್ತಾಗಕೂಡದು. ಗೊತ್ತಾದರೆ ಕಣ್ಣು ತನಗೆ ಬೇಕಾದ ಡಿಗ್ರಿಯನ್ನೇ ಓದುತ್ತದೆ ಅಂತ ಅವರ ಭಯ. ಸುಳ್ಳಲ್ಲ, ಓದುತ್ತದೆ.

ಅದಕ್ಕೇ ಮಾತಿಲ್ಲ. ಒಂದು ಕಾರ್ಡು ಕೊಟ್ಟಿದ್ದಾರೆ, ಅದರಲ್ಲಿ ಬರೆದದ್ದನ್ನಷ್ಟೇ ಓದಬೇಕು. ಬನ್ನಿ, ಕುಳಿತುಕೊಳ್ಳಿ. ಮಂಚದ ಮೇಲೆ ಅಂಗಾತ ಮಲಗಿ. ಈಗ ನಾನು ನಿಮ್ಮ ಮುಂಗೈಯನ್ನು ಹೊರಕ್ಕೆ ತಿರುಗಿಸುತ್ತೇನೆ, ನೋವು ಶುರುವಾದ ಕೂಡಲೇ 'ಸಾಕು' ಎನ್ನಿ. ಅವರು ಸಾಕು ಅನ್ನುತ್ತಾರೆ, ನಾನು ನಿಲ್ಲಿಸಿ, ಪ್ಲಾಸ್ಟಿಕ್ಕಿನ ಎರಡು ಪಟ್ಟಿಯ ಕೋನ ಅಳೆಯುವ ಸಾಧನ ಹಿಡಿದು ಡಿಗ್ರಿ ಬರೆದುಕೊಳ್ಳುತ್ತೇನೆ. ಹೆಸರೂ ಇಲ್ಲ, ನಂಬರು. ದಿನಕ್ಕೆ ಎಂಟು ಜನ. ಬಿಸಿಲು ಜೋರು ಅಂತ ಕೂಡ ಅನ್ನುವ ಹಾಗಿಲ್ಲ.

ಮನೆಗೆ ಹೋದರೆ ಅಲ್ಲಿ ಕಾರ್ಡೂ ಇಲ್ಲ. ಮೂರನೇ ಮಹಡಿಯ ಎರಡು ಕೋಣೆ. ಮೇಜಿಗೆ ನಾಲ್ಕು ಕುರ್ಚಿ, ಸವೆದಿರುವುದು ಒಂದೇ. ಮದುವೆ ಅಂತ ಒಂದಾಗಿತ್ತು, ನಿಲ್ಲಲಿಲ್ಲ, ಅದನ್ನು ಈಗ ಕೆದಕಿ ಏನೂ ಆಗಬೇಕಾಗಿಲ್ಲ. ಕೆಲವೊಮ್ಮೆ ಶನಿವಾರ ಸಂಜೆ ಬಾಗಿಲು ಹಾಕಿದವಳು ಸೋಮವಾರ ಬೆಳಗ್ಗೆ "ಬನ್ನಿ, ಕುಳಿತುಕೊಳ್ಳಿ" ಅಂದಾಗ ಗಂಟಲು ಗೊರಗೊರ ಅನ್ನುತ್ತದೆ. ನನಗೆ ಒಂಟಿ ಅನ್ನಿಸುತ್ತಿತ್ತು. ಯಾರಾದರೂ ಕೇಳಿದ್ದರೆ ಚೆನ್ನಾಗೇ ಇದೀನಲ್ಲ ಅಂತ ಅವರ ಮೇಲೇ ರೇಗುತ್ತಿದ್ದೆ ಅನ್ನೋದು ಬೇರೆ ಮಾತು.

ಇಪ್ಪತ್ತೇಳನೇ ನಂಬರು ಮೊದಲ ಸಲ ಬಂದ ದಿನ ನಾನು ತಲೆ ಎತ್ತದೆಯೇ ಕಾರ್ಡು ಓದಿದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿತು. ಎಡಗಾಲಿನದನ್ನು ಮೊದಲು ಬಿಟ್ಟು, ಬಲಗಾಲಿನಿಂದ ಅದನ್ನು ಗೋಡೆಗೆ ಒತ್ತರಿಸುವ ಸದ್ದು. ತಲೆ ಎತ್ತಿದೆ. ನನ್ನಣ್ಣ.

ಹನ್ನೊಂದು ವರ್ಷವಾಗಿತ್ತು ಮಾತು ಬಿಟ್ಟು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಿಯ ಗುಂಡಿ ಒಂದು ಕಾಜ ಬಿಟ್ಟು ಇನ್ನೊಂದಕ್ಕೆ ಹಾಕಿ, ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ಅವನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಬಲಗೈ ಎತ್ತಿ, ಏಣಿಯ ಮೇಲೆ ನಿಂತು ನಲವತ್ತು ವರ್ಷ ಬರೆದವನು. ಎಲ್ಲರೂ ಅಕ್ಷರಕ್ಕೆ ಬಲಗಡೆ ನೆರಳು ಕೊಟ್ಟರೆ ಇವನದು ಎಡಗಡೆ. ನಮ್ಮ ಬೀದಿಯಲ್ಲಿ ಇನ್ನೂ ಮೂರು ಅಂಗಡಿಗೆ ಅವನ ಕೈಬರಹ ಉಳಿದಿದೆ. ದಿನಾ ಬಸ್ಸಿಗೆ ಹೋಗುವಾಗ ಆ ಮೂರು ಬೋರ್ಡು ನೋಡಬಾರದು ಅಂದುಕೊಂಡು ದಿನಾ ನೋಡುತ್ತೇನೆ.

ಅವನೂ ನನ್ನನ್ನು ನೋಡಿದ. ಕುರ್ಚಿ ಎಳೆದುಕೊಂಡು ಕೂತ.

ನಮೂನೆಯಲ್ಲಿ ಮೊದಲ ಸಾಲು ನಾನೇ ತುಂಬಬೇಕಾದ್ದು: ಭಾಗವಹಿಸುವವರು ನಿಮಗೆ ಪರಿಚಿತರೇ? ಹೌದು, ಇಲ್ಲ. ಹೌದು ಅಂತ ಗೀಚಿದರೆ ನಾನು ಎದ್ದುಹೋಗಿ ಪಕ್ಕದ ಕೋಣೆಯಲ್ಲಿ ಅಳೆಯುವ ಕನ್ನಡಕದವಳನ್ನು ಕಳಿಸಬೇಕು. ಹನ್ನೊಂದು ವರ್ಷ ಸತ್ತೆಯಾ ಬದುಕಿದೆಯಾ ಅಂತ ಕೇಳದವನು ಯಾವ ಸೀಮೆಯ ಪರಿಚಯದವನು? ಕೋಪದಲ್ಲಿ 'ಇಲ್ಲ' ಅಂತ ಗೀಚಿದೆ. ಕೋಪ ಅಂತ ಹೇಳಿಕೊಂಡೆ ಅಷ್ಟೆ. ನಿಜ ಏನೆಂದರೆ ಆ ಕೋಣೆ ಬಿಟ್ಟು ಏಳಲು ನನ್ನ ಕಾಲೇ ಬರಲಿಲ್ಲ.

"ಮನೆಯಲ್ಲಿ ದಿನನಿತ್ಯದ ಕೆಲಸಕ್ಕೆ ನಿಮಗೆ ಸಹಾಯ ಮಾಡುವವರು ಯಾರು?" ಅಂತ ಓದಿದೆ. ಅಣ್ಣನಿಗೆ 'ನಿಮಗೆ'! ನಾಲಿಗೆಯೇ ಹೊರಳಲಿಲ್ಲ.

"ಯಾರೂ ಇಲ್ಲ" ಅಂದ.

ಅತ್ತಿಗೆ ಎಲ್ಲಿ? ನನ್ನ ಕಣ್ಣು ಮುಂದಿನ ಸಾಲಿಗೆ ಹೋಯಿತು. "ಎಷ್ಟು ಕಾಲದಿಂದ?"

"ಅವಳು ತೀರಿಹೋಗಿ ಬರೋ ತಿಂಗಳಿಗೆ ಎರಡು ವರ್ಷ."

ನನ್ನ ಮದುವೆ ಮುರಿದಾಗ ಮೂರು ತಿಂಗಳು ತಮ್ಮ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗಿಸಿಕೊಂಡ ಅತ್ತಿಗೆ. ನನಗೆ ಯಾರೂ ಹೇಳಲಿಲ್ಲ. ಹೇಳುವವರಾದರೂ ಯಾರು? ರಾಜಿ ಮಾಡಿಸಲು ಬಂದ ಚಿಕ್ಕಪ್ಪನಿಗೆ, ಅವನ ಮನೆ ಸುದ್ದಿ ತಂದರೆ ಹೊಸ್ತಿಲು ತುಳಿಯಬೇಡಿ ಅಂದವಳು ನಾನೇ. ಏನಾಗಿತ್ತು, ಎಷ್ಟು ದಿನ ಮಲಗಿದ್ದರು, ನನ್ನನ್ನು ಕೇಳಿದರಾ ಅಂತೆಲ್ಲ ಬಾಯಿ ತುದಿಗೆ ಬಂತು. ಕಾರ್ಡಿನಲ್ಲಿ ಮುಂದಿನ ಸಾಲು, ನಿಮ್ಮ ತಲೆಯನ್ನು ನೀವೇ ಬಾಚಿಕೊಳ್ಳಬಲ್ಲಿರಾ? ಅದನ್ನೇ ಓದಿದೆ. "ಎಡಗೈಲಿ ಬಾಚ್ತೀನಿ" ಅಂದ.

ಅವತ್ತು ಅಳತೆ ಸರಿಯಾಗಿ ತೆಗೆದೆನೋ ಇಲ್ಲವೋ ದೇವರಿಗೇ ಗೊತ್ತು. ಮೊದಲ ಭೇಟಿಯಲ್ಲಿ ತೋಳನ್ನು ಅವರೇ ಆಡಿಸಿ ತೋರಿಸಬೇಕು, ನಾನು ಮುಟ್ಟಿ ತಿರುಗಿಸುವುದು ಕೊನೆಗೊಂದು ಸಲ ಮಾತ್ರ. ತಿರುಗಿಸಿದೆ. ಸಾಕು ಅನ್ನದೆ ಬಿಗಿಹಿಡಿದು ಮಲಗಿದ್ದ, ಹದಿನೆಂಟು ಡಿಗ್ರಿಗೆ ತೋಳೇ ಮುಂದಕ್ಕೆ ಬರಲಿಲ್ಲ. ಅಷ್ಟಕ್ಕೇ ಬಿಟ್ಟೆ.

ಜಗಳ ಯಾವುದಕ್ಕೆ ಅಂತ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಬರಬೇಕಾಗಿದೆ. ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು. ಆಪರೇಷನ್ ಆಯಿತು. ಅಂಥವರನ್ನು ಬೇಗ ಎಬ್ಬಿಸಿ ನಿಲ್ಲಿಸಬೇಕು, ಮಲಗಿಸಿಟ್ಟರೆ ಮಲಗಿಯೇ ಹೋಗುತ್ತಾರೆ. ಇದು ನನ್ನ ಕಸುಬು, ನನಗೆ ಗೊತ್ತಿಲ್ಲವೇ? ಮೂರನೇ ದಿನ ಸೊಂಟಕ್ಕೆ ಬೆಲ್ಟು ಕಟ್ಟಿ ಎಬ್ಬಿಸಿದೆ. ಅಮ್ಮ ಅತ್ತಳು. ಯಾರು ಅಳುವುದಿಲ್ಲ? ಸಾವಿರ ಜನರನ್ನು ಅಳಿಸಿಯೇ ನಡೆಸಿದ್ದೇನೆ. ಅಣ್ಣ ಒಳಗೆ ಬಂದವನೇ ನನ್ನ ಕೈ ಕಿತ್ತು, "ಅವಳು ನಿನ್ನ ಪೇಷೆಂಟಲ್ಲ, ಅಮ್ಮ!" ಅಂತ ಕೂಗಿ, ಅವಳನ್ನು ಎತ್ತಿ ಮಲಗಿಸಿದ. ಮನೆಗೆ ಕರೆದುಕೊಂಡು ಹೋದ. ನನಗೆ ಬಾಗಿಲು ಹಾಕಿದ. ಬೆನ್ನೆಲ್ಲ ಹುಣ್ಣಾಗಿ ನಾಲ್ಕು ತಿಂಗಳಿಗೆ ಅಮ್ಮ ಹೋದಳು. ಹೆಣದ ಮುಂದೆ, ನೆಂಟರೆಲ್ಲ ನೋಡುತ್ತಿದ್ದ ಹಾಗೆ, "ಹಾಸಿಗೆಗೆ ಹಾಕಿ ಕೊಂದವನು ನೀನು" ಅಂದೆ. ನಾನು ಹೇಳಿದ್ದು ಸರಿಯಿತ್ತು. ಸರಿಯಿದ್ದು ಏನು ಬಂತು?

ಎರಡನೇ ಭೇಟಿಗೆ ಆರು ವಾರ. ಅಷ್ಟೂ ದಿನ ಬೆರಳು ಮಡಚುತ್ತಾ ಕಾದೆ. ಈ ಸಲ ಬರಲಿ, ಅಳತೆ ಮುಗಿದ ಮೇಲೆ ಕಾರ್ಡು ಮಡಚಿಟ್ಟು ಮಾತಾಡಿಸಿಯೇ ಬಿಡುತ್ತೇನೆ ಅಂದುಕೊಂಡೆ. ಅವನಾಗಿಯೇ ಒಂದು ಮಾತು ಆಡಿದರೆ ಇನ್ನೂ ಸುಲಭ. ಒಂದೇ ಮಾತು ಸಾಕಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಮೆಣಸಿನಕಾಯಿ ಅನ್ನುತ್ತಿದ್ದ. ಅದನ್ನಾದರೂ ಅಂದು ಬೈಯಲಿ.

ಬಂದ. ಚಪ್ಪಲಿ ಬಿಟ್ಟ. ಅಂಗಾತ ಮಲಗಿದ. ಮೊಣಕೈ ಪಕ್ಕೆಗೆ ಒತ್ತಿಟ್ಟು ಮುಂಗೈ ಹಿಡಿದೆ. ಆ ಮಣಿಕಟ್ಟಿನ ಮೇಲೆ ಇನ್ನೂ ನೀಲಿ ಬಣ್ಣದ ಚುಕ್ಕೆ. "ನೋವು ಶುರುವಾದ ಕೂಡಲೇ ಸಾಕು ಎನ್ನಿ" ಅಂತ ಓದಿ, ನಿಧಾನಕ್ಕೆ ಹೊರಕ್ಕೆ ತಿರುಗಿಸಿದೆ. ಹತ್ತು, ಹದಿನೈದು, ಇಪ್ಪತ್ತು. ಮಾತಿಲ್ಲ. ಕಣ್ಣು ಮೇಲಿನ ಫ್ಯಾನಿನ ಮೇಲೆ. ಆಗ ನೋಡಿದೆ, ಕಿವಿ ಕೆಂಪಾಗಿತ್ತು. ಬಾಗಿಲ ಸಂದಿಗೆ ಬೆರಳು ಸಿಕ್ಕಿದಾಗ, ಕಾಲಿಗೆ ಗಾಜು ಚುಚ್ಚಿದಾಗ, ಅಪ್ಪ ಬಾಸುಂಡೆ ಬರುವ ಹಾಗೆ ಬಾರಿಸಿದಾಗ, ಜಗಮೊಂಡ, ಹಲ್ಲು ಕಚ್ಚಿ ಕೂರುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ಅದು ಈ ಪ್ರಪಂಚದಲ್ಲಿ ಈಗ ನನಗೊಬ್ಬಳಿಗೇ ಗೊತ್ತಿರುವ ವಿಷಯ.

ನಿಲ್ಲಿಸಿಬಿಟ್ಟೆ. ಇಪ್ಪತ್ತೆರಡು ಅಂತ ಬರೆದೆ. ಅವನು ತಲೆ ಹೊರಳಿಸಿ ನನ್ನನ್ನೇ ಒಂದು ಗಳಿಗೆ ನೋಡಿದ.

"ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟಿತ್ತು?" ಅಂತ ಓದಿದೆ.

"ಸೊನ್ನೆ" ಅಂದ. ಕಿವಿ ಇನ್ನೂ ಟೊಮೇಟೊ ಬಣ್ಣ. ಸೊನ್ನೆಯಂತೆ! ಅಂಥ ಹೊತ್ತಲ್ಲೂ ನಗು ಬಂತು ನನಗೆ. ಈಗ ಮಾತಾಡುತ್ತೇನೆ ಅಂತ ಕಾರ್ಡು ಮಡಚಿದೆ. ಅಷ್ಟರಲ್ಲಿ ಕನ್ನಡಕದವಳು ಬಾಗಿಲು ತಟ್ಟಿ, "ಅಕ್ಕಾ, ಇವರನ್ನ ಎರಡನೇ ಅಳತೆಗೆ ಆರಿಸಿದ್ದಾರೆ, ಕರ್ಕೊಂಡು ಹೋಗ್ತೀನಿ" ಅಂದಳು. ಅಳೆಯುವವರ ಕೈ ಸರಿಯಿದೆಯಾ ಅಂತ ನೋಡಲು ಐದು ಜನರಲ್ಲಿ ಒಬ್ಬರನ್ನು ಇನ್ನೊಬ್ಬರು ಮತ್ತೆ ಅಳೆಯುವ ಪದ್ಧತಿ ಇದೆ. ಅಣ್ಣ ಎದ್ದು ಅವಳ ಹಿಂದೆ ಹೋದ. ಮೂರನೇ ಭೇಟಿ ಇನ್ನೂ ನಾಲ್ಕೂವರೆ ತಿಂಗಳು ದೂರ. ಕಣ್ಣಲ್ಲಿ ನೀರು ಬಂತು, ಏನು ಮಾಡಲಿ.

ಹದಿನೈದು ದಿನ ಕಳೆದು ದೊಡ್ಡ ಮೇಡಂ ಇಬ್ಬರನ್ನೂ ಕೂರಿಸಿಕೊಂಡರು. ಮೇಜಿನ ಮೇಲೆ ಉದ್ದದ ಹಾಳೆ. "ಉಳಿದ ಎಲ್ಲರದ್ದೂ ನಿಮ್ಮಿಬ್ಬರ ಅಳತೆ ಮೂರು ಡಿಗ್ರಿ ಒಳಗೆ ಹೊಂದುತ್ತೆ. ಈ ಇಪ್ಪತ್ತೇಳು ಮಾತ್ರ ಏನಿದು? ಅಕ್ಕನದು ಇಪ್ಪತ್ತೆರಡು, ನಿನ್ನದು ನಲವತ್ತು?"

"ಅವರು ಸಾಕು ಅನ್ನಲೇ ಇಲ್ಲ ಮೇಡಂ" ಅಂದಳು ಕನ್ನಡಕದವಳು. "ತೋಳು ಎಲ್ಲಿ ತನಕ ಬಂತೋ ಅಲ್ಲಿ ತನಕ ತಿರುಗಿಸಿದೆ."

"ಇಪ್ಪತ್ತೆರಡಕ್ಕೆ ಸಾಕು ಅಂದವರು ಅರ್ಧ ಗಂಟೆಗೆ ನಲವತ್ತಾದ್ರೂ ಅನ್ನಲಿಲ್ಲ ಅಂದ್ರೆ? ನೀನು ಸರಿಯಾಗಿ ಹಿಡಿದಿಲ್ಲ. ನಿನ್ನ ಅಳತೆಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತೆ."

ಪಾಪ, ಆ ಹುಡುಗಿಯ ಮುಖ ಸಣ್ಣಗಾಯಿತು. ಎರಡು ವರ್ಷದ ದುಡಿಮೆ ಅವಳದ್ದು. ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಅಣ್ಣ ಮೂರನೇ ಸಲ ಬರುತ್ತಿದ್ದ. ನಾನು ಮಾತಾಡಿಸುತ್ತಿದ್ದೆ. ಬಾಯಿ ಬಿಟ್ಟರೆ ಇಪ್ಪತ್ತೇಳನೇ ನಂಬರನ್ನು ಹೊಡೆದುಹಾಕುತ್ತಾರೆ, ಇನ್ನು ಬರಬೇಡಿ ಅಂತ ಅವನಿಗೆ ಪತ್ರ ಹೋಗುತ್ತದೆ. ಕನ್ನಡಕದವಳು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತಿದ್ದಳು.

"ಅವಳದು ತಪ್ಪಿಲ್ಲ ಮೇಡಂ" ಅಂದೆ. "ಅವನು ನನಗೂ ಸಾಕು ಅನ್ನಲಿಲ್ಲ. ಕಿವಿ ಕೆಂಪಾಯ್ತು, ನಾನೇ ನಿಲ್ಲಿಸಿದೆ."

"ಕಿವಿನಾ?"

"ನಮ್ಮಣ್ಣ ಮೇಡಂ ಅವನು."

ನಾನೇ ಬಿಡಿಸಿ ಹೇಳಿದೆ. ಇಪ್ಪತ್ತೆರಡು ನನ್ನ ನಂಬರು, ನಲವತ್ತು ಅವನ ಹಟದ ನಂಬರು. ಅವನಿಗೆ ನೋವು ಎಲ್ಲಿ ಶುರುವಾಗುತ್ತೆ ಅನ್ನೋದು ನಿಮ್ಮ ಹಾಳೆಯಲ್ಲಿ ಎಲ್ಲೂ ಇಲ್ಲ. ದೊಡ್ಡ ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಕೂಗಿ ಹಗುರಾಗುತ್ತಿದ್ದೆ. 'ಇಲ್ಲ' ಅಂತ ಗೀಚಿದ್ದ ನಮೂನೆಯನ್ನು ನನ್ನ ಮುಂದಿಟ್ಟು, "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ ಅಕ್ಕ" ಅಂದರು. ಇಪ್ಪತ್ತೇಳನ್ನು ಕೆಂಪು ಗೆರೆ ಎಳೆದು ಹೊಡೆದರು. ನನ್ನನ್ನು ಅಳೆಯುವ ಕೋಣೆಯಿಂದ ತೆಗೆದು ಒಳಗಿನ ಕಡತದ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯೂ ಇಲ್ಲ.

ಕಡತದ ಕೋಣೆಯಲ್ಲಿ ದಿನಕ್ಕೆ ಎಂಟು ಜನವೂ ಇಲ್ಲ. ಮುಟ್ಟಲು ಒಂದು ಕೈ ಇಲ್ಲ. ಅವನ ಮನೆ ವಿಳಾಸ ಅಲ್ಲಿನ ಕಡತದಲ್ಲಿತ್ತು, ಬಾಯಿಪಾಠ ಆಗಿಹೋಗಿತ್ತು. ಎರಡು ಸಲ ಆ ಕಡೆಯ ಬಸ್ಸು ಹತ್ತಿದೆ. ಎರಡು ಸಲವೂ ಎರಡು ಸ್ಟಾಪು ಮುಂಚೆ ಇಳಿದು ವಾಪಸು ನಡೆದೆ. ಹೋಗಿ ಏನಂತ ಹೇಳುವುದು? ಕೈಯಲ್ಲಿ ಕಾರ್ಡಿಲ್ಲದೆ ಅವನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಮೆಣಸಿನಕಾಯಿಯ ಖಾರವೆಲ್ಲ ಇಷ್ಟೇ.

ಮೂರನೇ ಭೇಟಿಗೆ ಗೊತ್ತುಮಾಡಿದ್ದ ದಿನ ಬಂತು. ಬೆಳಗ್ಗೆ ಹತ್ತು ಗಂಟೆ. ನಾನು ಕಡತಗಳ ಬೆನ್ನಿಗೆ ನಂಬರು ಅಂಟಿಸುತ್ತಿದ್ದೆ. ಸ್ವಾಗತದ ಮೇಜಿನವಳು ಬಂದು, "ಅಕ್ಕಾ, ಹೊರಗೆ ಒಬ್ಬರು ಕೂತಿದ್ದಾರೆ. ಲಿಸ್ಟಲ್ಲಿ ಇಲ್ಲ ಅಂದ್ರೂ ಏಳ್ತಿಲ್ಲ. ಪತ್ರ ಬಂದಿದೆ, ಗೊತ್ತು, ಕೂತಿರ್ತೀನಿ ಅಂತಾರೆ. ಮಹಾ ಮೊಂಡು" ಅಂದಳು.

ಕಾರಿಡಾರಿನ ಬೆಂಚಿನ ಮೇಲೆ ಅಣ್ಣ. ಗುಂಡಿ ಈ ಸಲ ಸರಿಯಾಗಿ ಹಾಕಿದ್ದ. ನಾನು ಹೋಗಿ ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರ. ಅದನ್ನು ಇಬ್ಬರೂ ಎಷ್ಟೋ ಹೊತ್ತು ನೋಡಿದೆವು.

"ಇನ್ನು ಬರಬೇಡಿ ಅಂತ ಬರೆದಿದ್ರಲ್ಲ" ಅಂದೆ ಕೊನೆಗೆ. ನನ್ನ ದನಿ ನನಗೇ ಅಪರಿಚಿತ.

"ಓದಿದೆ."

"ಮತ್ತೆ?"

"ನೀನಿಲ್ಲಿ ಇದೀಯ ಅಂತ ಗೊತ್ತಿದ್ದೇ ಮೊದಲನೇ ಸಲ ಬಂದಿದ್ದು" ಅಂದ. "ಆ ಎರಡು ಪುಟದ ಕಾಗದ ಕೊಟ್ಟು ಕಳಿಸಿದ್ರು. ಈ ಆರು ತಿಂಗಳಲ್ಲಿ ಈ ತೋಳು ಮುಟ್ಟಿದ್ದು ಅಂದ್ರೆ ನೀನು ಎರಡು ಸಲ, ಆ ಕನ್ನಡಕದ ಹುಡುಗಿ ಒಂದು ಸಲ."

"ಅವಳಿಗೆ ಸಾಕು ಅನ್ನೋಕೇನಾಗಿತ್ತು ನಿನಗೆ ದಾಡಿ?" ಅಂತ ರೇಗಿದೆ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅಣ್ಣನ ಮೇಲೆ ರೇಗಿದೆ. "ನನಗೂ ಅನ್ನಲಿಲ್ಲ. ಅಷ್ಟೊಂದು ಹಟ ಯಾಕೋ ನಿನಗೆ?"

"ಹಟ ಅಲ್ಲ ಕಣೇ." ಅವನು ಗೋಡೆಯನ್ನೇ ನೋಡುತ್ತಿದ್ದ. "ಹೇಳಿ ಏನು ಪ್ರಯೋಜನ ಅಂತ. ಅವತ್ತು ಅಮ್ಮ ಮೂರು ಸಲ ಹೇಳಿದಳು. ಸಾಕು ಕಣೇ, ಸಾಕು ಕಣೇ, ಸಾಕು ಕಣೇ ಅಂತ. ನಾನು ಬಾಗಿಲ ಹೊರಗಿದ್ದೆ, ಎಣಿಸಿದೀನಿ. ನೀನು ಇನ್ನೆರಡು ಹೆಜ್ಜೆ ಅಮ್ಮ, ಇನ್ನೆರಡು ಹೆಜ್ಜೆ ಅಂತಿದ್ದೆ."

ನನಗೆ ನೆನಪಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಬೆಳಗನ್ನು ಸಾವಿರ ಸಲ ತಿರುವಿ ಹಾಕಿದ್ದೇನೆ. ಬೆಲ್ಟಿನ ಬಕಲ್ಲು ನೆನಪಿದೆ, ನೆಲದ ಟೈಲ್ಸಿನ ಬಣ್ಣ ನೆನಪಿದೆ, ಅವನು ಕೂಗಿದ್ದು ಒಂದಕ್ಷರ ಬಿಡದೆ ನೆನಪಿದೆ. ಅಮ್ಮ ಸಾಕು ಅಂದದ್ದು ಮಾತ್ರ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಎಲ್ಲರೂ ಅನ್ನುತ್ತಾರೆ ಅದನ್ನು, ಎಲ್ಲರೂ. ಅದಕ್ಕೆ ಕಿವಿಗೊಟ್ಟರೆ ಯಾರನ್ನೂ ನಡೆಸಲಾಗುವುದಿಲ್ಲ ಅಂತಲೇ ನಾವು ಕಲಿತದ್ದು.

"ಮಲಗಿಸಬಾರದಿತ್ತು" ಅಂದ ಅವನು. "ನೀನು ಹೇಳಿದ್ದೇ ಆಯ್ತು. ಬೆನ್ನಿನ ಹುಣ್ಣು ತೊಳೆದಿದ್ದು ನಾನು, ನಂಗೆ ಗೊತ್ತಿಲ್ವಾ? ನಿನ್ನತ್ತಿಗೆ ಕೊನೇ ತನಕ ಹೇಳಿದ್ಲು, ಹೋಗಿ ಕರ್ಕೊಂಡು ಬಾ ಅಂತ. ಬರಲಿಲ್ಲ." ಆಮೇಲೆ, "ಎರಡನೇ ಸಲ ಬಂದಾಗ ನಾನು ಬಾಯೇ ಬಿಟ್ಟಿರಲಿಲ್ಲ. ನೀನಾಗೇ ನಿಲ್ಲಿಸಿದೆ. ಯಾಕೆ ಅಂತ ಕೇಳೋಣ ಅಂತ ಇವತ್ತು ಬಂದೆ."

"ಕಿವಿ ಕೆಂಪಾಯ್ತು ನಿಂದು."

ಅವನ ಎಡಗೈ ತಾನಾಗಿಯೇ ಕಿವಿಗೆ ಹೋಯಿತು. ನಗಲಿಲ್ಲ. ನಾನೂ ನಗಲಿಲ್ಲ. ಸ್ವಾಗತದವಳು ಯಾರದೋ ನಂಬರು ಕೂಗಿದಳು, ಒಬ್ಬ ಹೆಂಗಸು ತೋಳು ಹಿಡಿದುಕೊಂಡು ಎದ್ದು ನಮ್ಮ ಮುಂದೆ ಹಾದು ಒಳಗೆ ಹೋದಳು.

"ಕೊಡಿಲ್ಲಿ ಕೈ" ಅಂದೆ.

"ಇಲ್ಲೇನಾ?"

"ನಿನಗೇನು ಮಂಚ ಹಾಸಬೇಕಾ? ಕೊಡು."

ನಡುವಿನ ಜಾಗ ಬಿಟ್ಟು ಹತ್ತಿರ ಸರಿದೆ. ಮೊಣಕೈ ಪಕ್ಕೆಗೆ ಒತ್ತಿಟ್ಟು, ನೀಲಿ ಚುಕ್ಕೆಯ ಮಣಿಕಟ್ಟು ಹಿಡಿದೆ. "ನೋವಾದ್ರೆ ಹೇಳು."

"ಹೇಳಿದ್ರೆ ನಿಲ್ಲಿಸ್ತೀಯಾ?"

ಹೂಂ ಅಂತ ತಲೆಯಾಡಿಸಿದೆ. ನಿಧಾನಕ್ಕೆ ತಿರುಗಿಸಿದೆ. ತೋಳು ಎಷ್ಟೋ ಸಡಿಲವಾಗಿತ್ತು. ಮೂವತ್ತು ವರ್ಷದ ಕೈ ನನ್ನದು, ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಆರಾಮವಾಗಿ ಐವತ್ತರ ತನಕ ಹೋಗುತ್ತಿತ್ತು. ಹತ್ತು ಡಿಗ್ರಿಯೂ ಆಗಿರಲಿಲ್ಲ.

"ಸಾಕು" ಅಂದ ಅಣ್ಣ.

ಕಿವಿ ನೋಡಿದೆ. ಕೆಂಪಾಗಿರಲಿಲ್ಲ. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

ನಿಲ್ಲಿಸಿದೆ.